ಪಿಡಿಎಫ್‌ನಿಂದ ಬೇಕಾದ ಪುಟ ಮಾತ್ರ ತೆಗೆಯುವುದು ಹೇಗೆ? ಮೊಬೈಲ್, ಕಂಪ್ಯೂಟರ್ ಎರಡಕ್ಕೂ ಸಮಗ್ರ ಮಾರ್ಗದರ್ಶಿ

ಸೊರಬ ತಾಲೂಕಿನ ಒಂದು ಹಳ್ಳಿ ಶಾಲೆಯ ಮೇಷ್ಟ್ರು ನನಗೆ ಫೋನ್ ಮಾಡಿದ್ದರು. ಅವರ ಊರಿನ ದೇವಸ್ಥಾನದ ಪಕ್ಕದಲ್ಲಿ ಒಂದು ವೀರಗಲ್ಲಿದೆ. ಅದರ ಮೇಲೆ ಏನು ಬರೆದಿದೆ ಅಂತ ಮಕ್ಕಳಿಗೆ ಓದಿ ಹೇಳಬೇಕು. ಬಿ. ಎಲ್. ರೈಸ್ ಅವರ ಶಾಸನಗಳ ಸಂಗ್ರಹ ‘ಎಪಿಗ್ರಾಫಿಯಾ ಕರ್ನಾಟಿಕಾ’ದ 8ನೇ ಸಂಪುಟದಲ್ಲಿ ಅದರ ಪಾಠ, ಅಂದರೆ ಕಲ್ಲಿನ ಮೇಲಿನ ಬರಹ, ಅಚ್ಚಾಗಿದೆ ಅನ್ನುವುದು ಅವರಿಗೆ ಗೊತ್ತಿತ್ತು. 1904ರ ಪುಸ್ತಕ. ಸ್ಕ್ಯಾನ್ ಆದ ಪಿಡಿಎಫ್ ‘ಇಂಟರ್ನೆಟ್ ಆರ್ಕೈವ್’ ಅನ್ನುವ ಜಾಲತಾಣದಲ್ಲಿ ಸಿಕ್ಕಿತ್ತು.

“ನನಗೆ ಬೇಕಾಗಿರೋದು ಮೂರೋ ನಾಲ್ಕೋ ಪುಟ ಸಾರ್. ಇಡೀ ಸಂಪುಟ ಪೋಷಕರ ಗುಂಪಿಗೆ ಹಾಕಿದ್ರೆ ಯಾರೂ ತೆರೆಯಲ್ಲ. ಅಷ್ಟನ್ನೇ ತೆಗೆಯೋದು ಹೇಗೆ?”

ಪುಟ ತೆಗೆಯುವುದಕ್ಕೆ ನಮಗೆ ಐದು ನಿಮಿಷ ಹಿಡಿಯಿತು. ಯಾವ ಪುಟ ತೆಗೆಯಬೇಕು ಅಂತ ಗೊತ್ತುಮಾಡಿಕೊಳ್ಳುವುದಕ್ಕೆ ಮುಕ್ಕಾಲು ಗಂಟೆ. ಈ ಕೆಲಸದಲ್ಲಿ ಜನ ಎಡವುವುದು ಹೆಚ್ಚಾಗಿ ಅಲ್ಲೇ. ಹಾಗಾಗಿ ನಾನೂ ಅಲ್ಲಿಂದಲೇ ಶುರು ಮಾಡುತ್ತೇನೆ. ಆಪ್‌ಗಳ ವಿಷಯ ಆಮೇಲೆ.

ನಿಮಗೆ ಬೇಕಾಗಿರೋದು ಯಾವುದು?

ಪಿಡಿಎಫ್ ಬಿಡಿಸುವುದರಲ್ಲಿ ಎರಡು ಬಗೆ. ದೊಡ್ಡ ಫೈಲಿನಿಂದ ಕೆಲವೇ ಪುಟಗಳನ್ನು ಆರಿಸಿ ಹೊಸ ಫೈಲು ಮಾಡುವುದು ಒಂದು. ಇದನ್ನು ಆಪ್‌ಗಳಲ್ಲಿ ‘ಎಕ್ಸ್‌ಟ್ರ್ಯಾಕ್ಟ್’ ಅನ್ನುತ್ತಾರೆ. ಇಡೀ ಫೈಲನ್ನು ತುಂಡು ತುಂಡು ಮಾಡಿ, ಎಲ್ಲ ತುಂಡನ್ನೂ ಇಟ್ಟುಕೊಳ್ಳುವುದು ಇನ್ನೊಂದು. ಅದು ‘ಸ್ಪ್ಲಿಟ್’. ಪಠ್ಯಪುಸ್ತಕವನ್ನು ಪಾಠದ ಲೆಕ್ಕದಲ್ಲಿ ಬೇರೆ ಮಾಡುವುದು, ಒಟ್ಟಿಗೆ ಸ್ಕ್ಯಾನ್ ಮಾಡಿದ ಐವತ್ತು ಅರ್ಜಿಗಳನ್ನು ಒಂದೊಂದೇ ಫೈಲು ಮಾಡುವುದು ಸ್ಪ್ಲಿಟ್. ಮೇಷ್ಟ್ರದ್ದು ಎಕ್ಸ್‌ಟ್ರ್ಯಾಕ್ಟ್.

ಎರಡರಲ್ಲೂ ಮೂಲ ಫೈಲು ಹಾಗೇ ಉಳಿಯಬೇಕು. ಅದಕ್ಕೇ ಕೆಲಸ ಶುರು ಮಾಡುವ ಮುಂಚೆ ಮೂಲ ಫೈಲಿನ ಒಂದು ಪ್ರತಿ ಬೇರೆ ಫೋಲ್ಡರಿಗೆ ಹಾಕಿಡಿ. ‘ಬೇಡದ ಪುಟ ಡಿಲೀಟ್ ಮಾಡಿದರಾಯಿತಲ್ಲ’ ಅಂತ ಮೂಲಕ್ಕೇ ಕೈ ಹಾಕಬೇಡಿ. ಕೆಲವು ಆಪ್ ಕೇಳದೆಯೇ ಸೇವ್ ಮಾಡಿಬಿಡುತ್ತವೆ.

ಅಚ್ಚಿನ ಪುಟ ಬೇರೆ, ಫೈಲಿನ ಪುಟ ಬೇರೆ

ಪುಸ್ತಕದ ಹಾಳೆಯ ಮೇಲೆ 110 ಅಂತ ಅಚ್ಚಾಗಿರುತ್ತದೆ. ಪಿಡಿಎಫ್ ತೆರೆದು ನೋಡಿದರೆ ಅದು 162ನೇ ಪುಟ. ರಕ್ಷಾಪುಟ, ಮುನ್ನುಡಿ, ಪರಿವಿಡಿ, ಖಾಲಿ ಹಾಳೆ ಎಲ್ಲವನ್ನೂ ಫೈಲು ಎಣಿಸುತ್ತದೆ. ಪುಸ್ತಕ ಎಣಿಸಿರುವುದಿಲ್ಲ. ಮುನ್ನುಡಿಗೆ ರೋಮನ್ ಅಂಕಿ ಹಾಕಿ, ಮೊದಲ ಅಧ್ಯಾಯದಿಂದ 1, 2 ಅಂತ ಶುರು ಮಾಡುವುದು ಹಳೆಯ ಪದ್ಧತಿ. ಪುಟ ತೆಗೆಯುವ ಯಾವ ಆಪ್ ಆದರೂ ಕೇಳುವುದು ಸಾಮಾನ್ಯವಾಗಿ ಫೈಲಿನ ಎಣಿಕೆಯನ್ನು. ಅಚ್ಚಿನ ಅಂಕಿ ಕೊಟ್ಟರೆ ಬೇರೆಯೇ ಪುಟ ಬರುತ್ತದೆ.

ಲೆಕ್ಕ ಹೀಗೆ ಮಾಡಿ. ಅಂಕಿಗಳು ಸುಮ್ನೆ ಉದಾಹರಣೆಗೆ, ನಿಮ್ಮ ಫೈಲಿನಲ್ಲಿ ಬೇರೆ ಇರುತ್ತವೆ.

1. ಪಿಡಿಎಫ್ ತೆರೆಯಿರಿ. ಹಾಳೆಯ ಮೇಲೆ ‘1’ ಅಂತ ಅಚ್ಚಾದ ಪುಟ ಹುಡುಕಿ.
2. ಆಪ್‌ನ ಮೇಲ್ಭಾಗದಲ್ಲೋ ಪಕ್ಕದಲ್ಲೋ ತೋರಿಸುವ ಪುಟ ಸಂಖ್ಯೆ ನೋಡಿ. 53 ಇದೆ ಅಂದುಕೊಳ್ಳಿ.
3. 53ರಲ್ಲಿ 1 ಕಳೆಯಿರಿ. ವ್ಯತ್ಯಾಸ 52.
4. ನಿಮಗೆ ಬೇಕಾದ ಅಚ್ಚಿನ ಪುಟ 110 ಆದರೆ, 110ಕ್ಕೆ 52 ಸೇರಿಸಿ. ಫೈಲಿನ ಪುಟ 162.
5. 162ಕ್ಕೆ ಹೋಗಿ ನೋಡಿ. ಅಲ್ಲಿ 110 ಅಂತಲೇ ಅಚ್ಚಾಗಿದೆಯಾ? ಇದ್ದರೆ ಮುಂದುವರಿಯಿರಿ.

ಐದನೇ ಹಂತವನ್ನು ಬಿಡಲೇಬೇಡಿ. ಹಳೆಯ ಪುಸ್ತಕಗಳಲ್ಲಿ ನಡುನಡುವೆ ಚಿತ್ರಪುಟ ಸೇರಿಸಿರುತ್ತಾರೆ, ಅವಕ್ಕೆ ಸಂಖ್ಯೆ ಇರುವುದಿಲ್ಲ. ಸ್ಕ್ಯಾನ್ ಮಾಡಿದವರು ಒಂದೇ ಹಾಳೆಯನ್ನು ಎರಡು ಸಲ ಹೊಡೆದಿರುವುದೂ ಉಂಟು, ಒಂದು ಹಾಳೆ ಬಿಟ್ಟಿರುವುದೂ ಉಂಟು. ಹಾಗಾಗಿ ಪುಸ್ತಕದ ಶುರುವಿನಲ್ಲಿ 52 ಇದ್ದ ವ್ಯತ್ಯಾಸ ನಡುವಿಗೆ ಬರುವಾಗ 55 ಆಗಿರಬಹುದು. ಬೇಕಾದ ಪುಟದ ಹತ್ತಿರದಲ್ಲೇ ಇನ್ನೊಮ್ಮೆ ಲೆಕ್ಕ ನೋಡುವುದು ಒಳ್ಳೆಯದು.

ರೈಸ್ ಅವರ ಸಂಪುಟಗಳಲ್ಲಿ ಇದು ಇನ್ನೂ ಒಂದು ಸುತ್ತು ಜಾಸ್ತಿ. ಒಂದೇ ಶಾಸನ ಅಲ್ಲಿ ಮೂರು ಕಡೆ ಬರುತ್ತದೆ. ಇಂಗ್ಲಿಷ್ ಅನುವಾದ ಒಂದು ಭಾಗದಲ್ಲಿ, ರೋಮನ್ ಲಿಪಿಯ ಪಾಠ ಇನ್ನೊಂದರಲ್ಲಿ, ಕನ್ನಡ ಲಿಪಿಯ ಪಾಠ ಮತ್ತೊಂದರಲ್ಲಿ. ಭಾಗ ಬದಲಾದರೆ ಪುಟ ಸಂಖ್ಯೆ ಮತ್ತೆ 1ರಿಂದ ಶುರು. ಅಂದರೆ ಒಂದೇ ಫೈಲಿನಲ್ಲಿ ‘110ನೇ ಪುಟ’ ಅನ್ನುವುದು ಒಂದಕ್ಕಿಂತ ಹೆಚ್ಚು ಕಡೆ ಸಿಗಬಹುದು! ಅದಕ್ಕೇ ಅಲ್ಲಿ ಪುಟ ಸಂಖ್ಯೆ ಹಿಡಿದು ಹೋಗುವುದಕ್ಕಿಂತ ಶಾಸನದ ಸಂಖ್ಯೆ ಹಿಡಿದು ಹೋಗುವುದು ವಾಸಿ. ಪ್ರತಿ ತಾಲೂಕಿನ ಶಾಸನಗಳಿಗೂ ಬೇರೆ ಬೇರೆ ಕ್ರಮಸಂಖ್ಯೆ ಇದೆ, ಆ ಸಂಖ್ಯೆ ಮೂರೂ ಭಾಗದಲ್ಲಿ ಒಂದೇ. ಮೇಷ್ಟ್ರು ಕಾಗದದ ಮೇಲೆ ಮೂರು ಸಾಲು ಬರೆದುಕೊಂಡರು: ಕನ್ನಡ ಪಾಠ ಫೈಲಿನ ಇಂಥ ಪುಟ, ರೋಮನ್ ಪಾಠ ಇಂಥ ಪುಟ, ಅನುವಾದ ಇಂಥ ಪುಟ. ನೀವೂ ಹೀಗೇ ಬರೆದಿಟ್ಟುಕೊಳ್ಳಿ. ತಲೆಯಲ್ಲಿ ಇಟ್ಟುಕೊಂಡರೆ ತಪ್ಪುತ್ತದೆ.

ಪುಟಗಳ ಸಂಖ್ಯೆಯನ್ನು ಆಪ್‌ಗೆ ಹೇಳುವ ಭಾಷೆ ಎಲ್ಲ ಕಡೆ ಒಂದೇ. ಬಿಡಿ ಪುಟಕ್ಕೆ ಅಲ್ಪವಿರಾಮ, ಸಾಲು ಪುಟಕ್ಕೆ ಅಡ್ಡಗೆರೆ. ‘7, 12-15, 40’ ಅಂತ ಬರೆದರೆ 7, 12, 13, 14, 15, 40 ಹೀಗೆ ಆರು ಪುಟ. ಅಂಕಿಗಳನ್ನು ಇಂಗ್ಲಿಷ್ ಕೀಬೋರ್ಡಿನಲ್ಲೇ ಒತ್ತಿ. ಕನ್ನಡ ಅಂಕಿ ಹಾಕಿದರೆ ಆಪ್‌ಗೆ ತಿಳಿಯುವುದಿಲ್ಲ.

ಆಂಡ್ರಾಯ್ಡ್ ಮೊಬೈಲಿನಲ್ಲಿ

ಇದಕ್ಕೆ ಹೊಸ ಆಪ್ ಏನೂ ಬೇಡ. ಫೋನಿನ ಪ್ರಿಂಟ್ ವ್ಯವಸ್ಥೆಯಲ್ಲೇ ಕೆಲಸ ಆಗುತ್ತದೆ. ಪ್ರಿಂಟರ್ ಇಲ್ಲ ಅಂತ ಗಾಬರಿ ಆಗಬೇಡಿ, ಕಾಗದದ ಮೇಲೆ ಏನೂ ಅಚ್ಚಾಗುವುದಿಲ್ಲ.

1. ಪಿಡಿಎಫ್ ಅನ್ನು ಗೂಗಲ್ ಡ್ರೈವ್‌ನ ಪಿಡಿಎಫ್ ವ್ಯೂವರ್‌ನಲ್ಲಿ ತೆರೆಯಿರಿ.
2. ಮೇಲೆ ಬಲಗಡೆ ಇರುವ ಮೂರು ಚುಕ್ಕಿ ಒತ್ತಿ, ‘ಪ್ರಿಂಟ್’ ಆರಿಸಿ.
3. ಮೇಲ್ಗಡೆ ಪ್ರಿಂಟರ್ ಹೆಸರಿನ ಜಾಗದಲ್ಲಿ ‘ಸೇವ್ ಆ್ಯಸ್ ಪಿಡಿಎಫ್’ ಇರಲಿ. ಇಲ್ಲದಿದ್ದರೆ ಅಲ್ಲಿ ಒತ್ತಿ, ಪಟ್ಟಿಯಿಂದ ಅದನ್ನೇ ಆರಿಸಿ.
4. ಕೆಳಮುಖದ ಬಾಣ ಒತ್ತಿದರೆ ಇನ್ನಷ್ಟು ಆಯ್ಕೆ ತೆರೆಯುತ್ತವೆ. ಪೇಪರ್ ಸೈಜ್‌ನಲ್ಲಿ ‘ಲೆಟರ್’ ಅಂತಿದ್ದರೆ ಎ4 ಮಾಡಿಕೊಳ್ಳಿ.
5. ‘ಪೇಜಸ್’ ಅನ್ನುವಲ್ಲಿ ‘ಆಲ್’ ಬದಲು ‘ರೇಂಜ್’ ಆರಿಸಿ, ನಿಮ್ಮ ಪುಟ ಸಂಖ್ಯೆ ಹಾಕಿ.
6. ಪಿಡಿಎಫ್ ಗುರುತಿನ ದುಂಡನೆಯ ಗುಂಡಿ ಒತ್ತಿ. ಎಲ್ಲಿ ಸೇವ್ ಮಾಡಬೇಕು ಅಂತ ಕೇಳುತ್ತದೆ. ಫೈಲಿಗೆ ಹೊಸ ಹೆಸರು ಕೊಟ್ಟು ಸೇವ್ ಮಾಡಿ.

ನಾಲ್ಕನೇ ಹಂತದ ಪೇಪರ್ ಸೈಜ್ ಚಿಕ್ಕ ವಿಷಯ ಅನಿಸಬಹುದು. ಆದರೆ ಎ4 ಕಾಗದ ಲೆಟರ್ ಅಳತೆಗೆ ಇಳಿದರೆ ಸುತ್ತ ಅಂಚು ಬದಲಾಗಿ ಅಕ್ಷರ ಸ್ವಲ್ಪ ಸಣ್ಣದಾಗುತ್ತದೆ. ಅಳತೆ ಮುಖ್ಯವಾದ ನಕ್ಷೆ, ಸ್ಕೆಚ್ ಇದ್ದರೆ ಈ ದಾರಿಯೇ ಬೇಡ. ಕಂಪ್ಯೂಟರಿನಲ್ಲಿ ಪಿಡಿಎಫ್‌ಸ್ಯಾಮ್ ಬಳಸಿ, ಕೆಳಗೆ ಹೇಳಿದ್ದೇನೆ.

ಐಫೋನ್ ಇರುವವರು ಫೈಲ್ಸ್ ಆಪ್‌ನಲ್ಲಿ ಪಿಡಿಎಫ್ ತೆರೆದು, ಶೇರ್ ಗುಂಡಿ ಒತ್ತಿ, ಪ್ರಿಂಟ್‌ಗೆ ಹೋಗಿ ಪುಟ ಆರಿಸಿ. ಆಮೇಲೆ ಕಾಣುವ ಪುಟದ ಚಿತ್ರವನ್ನು ಎರಡು ಬೆರಳಲ್ಲಿ ಹಿಗ್ಗಿಸಿ. ಅದು ಹೊಸ ಪಿಡಿಎಫ್ ಆಗಿ ತೆರೆದುಕೊಳ್ಳುತ್ತದೆ. ಅಲ್ಲಿಂದ ಸೇವ್ ಮಾಡಬಹುದು, ಕಳಿಸಬಹುದು.

ಕಂಪ್ಯೂಟರಿನಲ್ಲಿ: ಕ್ರೋಮ್ ಒಂದಿದ್ದರೆ ಸಾಕು

ಪಿಡಿಎಫ್ ಅನ್ನು ಕ್ರೋಮ್ ಕಿಟಕಿಗೆ ಎಳೆದು ಬಿಡಿ. ಕಂಟ್ರೋಲ್ ಮತ್ತು ಪಿ ಒತ್ತಿ. ‘ಡೆಸ್ಟಿನೇಶನ್’ ಅನ್ನುವಲ್ಲಿ ‘ಸೇವ್ ಆ್ಯಸ್ ಪಿಡಿಎಫ್’ ಆರಿಸಿ. ‘ಪೇಜಸ್’ ಅನ್ನುವಲ್ಲಿ ‘ಕಸ್ಟಮ್’ ಆರಿಸಿ ಸಂಖ್ಯೆ ಬರೆಯಿರಿ. ಪಕ್ಕದಲ್ಲೇ ಆ ಪುಟಗಳು ಕಾಣುತ್ತವೆ. ಸರಿ ಇದ್ದರೆ ಸೇವ್. ಮೈಕ್ರೋಸಾಫ್ಟ್ ಎಡ್ಜ್‌ನಲ್ಲೂ ಹೆಚ್ಚುಕಮ್ಮಿ ಇದೇ ಕ್ರಮ.

ಇಲ್ಲಿ ಮೂರು ಮಾತು ನೆನಪಿರಲಿ. ವಿಂಡೋಸ್‌ನ ಪ್ರಿಂಟರ್ ಪಟ್ಟಿಯಲ್ಲಿ ‘ಮೈಕ್ರೋಸಾಫ್ಟ್ ಪ್ರಿಂಟ್ ಟು ಪಿಡಿಎಫ್’ ಅಂತ ಇನ್ನೊಂದು ಇರುತ್ತದೆ. ಹೆಸರು ಒಂದೇ ಥರ ಕಂಡರೂ ಅದು ಬೇರೆ. ಅದರಲ್ಲಿ ಪುಟದ ಅಳತೆ ಬದಲಾಗುವುದು, ಲಿಂಕ್ ಹೋಗುವುದು ಇವೆಲ್ಲ ಆಗುತ್ತವೆ. ಕ್ರೋಮ್‌ನ ‘ಸೇವ್ ಆ್ಯಸ್ ಪಿಡಿಎಫ್’ ಅನ್ನೇ ಆರಿಸಿ. ಎರಡನೆಯದು, ‘ಪ್ರಿಂಟ್ ಆ್ಯಸ್ ಇಮೇಜ್’ ಅನ್ನುವ ಗುರುತು ಕಂಡರೆ ಅದನ್ನು ತೆಗೆದುಬಿಡಿ. ಅದು ಇದ್ದರೆ ಅಕ್ಷರವೆಲ್ಲ ಚಿತ್ರ ಆಗುತ್ತದೆ. ಫೈಲೂ ಊದುತ್ತದೆ, ಪದ ಹುಡುಕುವುದಕ್ಕೂ ಆಗುವುದಿಲ್ಲ. ಮೂರನೆಯದು, ಪುಟಗಳ ಕ್ರಮ. ‘40, 7’ ಅಂತ ಬರೆದರೂ ಕ್ರೋಮ್ 7, 40 ಅಂತಲೇ ಕೊಡುತ್ತದೆ. ಹಿಂದೆ ಮುಂದೆ ಮಾಡಬೇಕಿದ್ದರೆ ಬೇರೆ ಬೇರೆಯಾಗಿ ತೆಗೆದು, ಆಮೇಲೆ ಜೋಡಿಸಬೇಕು.

ಬುಕ್‌ಮಾರ್ಕ್ ಪಟ್ಟಿ, ಅಂದರೆ ಪಿಡಿಎಫ್‌ನ ಪಕ್ಕದಲ್ಲಿ ಕಾಣುವ ಅಧ್ಯಾಯಗಳ ಪಟ್ಟಿ, ಈ ದಾರಿಯಲ್ಲಿ ಉಳಿಯುವುದಿಲ್ಲ. ನಾಲ್ಕು ಪುಟಕ್ಕೆ ಅದು ಯಾಕೆ ಬೇಕು, ಅಲ್ವಾ? ಆದರೆ ಇನ್ನೂರು ಪುಟದ ತುಂಡು ಮಾಡುವಾಗ ಬೇಕು.

ದೊಡ್ಡ ಕೆಲಸಕ್ಕೆ ಪಿಡಿಎಫ್‌ಸ್ಯಾಮ್ ಬೇಸಿಕ್

ಒಂದೆರಡು ಸಲಕ್ಕೆ ಕ್ರೋಮ್ ಸಾಕು. ವಾರಕ್ಕೆ ನಾಲ್ಕು ಸಲ ಈ ಕೆಲಸ ಇದ್ದವರಿಗೆ ನಾನು ಹೇಳುವುದು ಪಿಡಿಎಫ್‌ಸ್ಯಾಮ್ ಬೇಸಿಕ್. ಹೆಸರಿನ ಕೊನೆಯ ‘ಸ್ಯಾಮ್’ ಅಂದರೆ ‘ಸ್ಪ್ಲಿಟ್ ಆ್ಯಂಡ್ ಮರ್ಜ್’. ಉಚಿತ, ಮುಕ್ತ ತಂತ್ರಾಂಶ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಓಡುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ನಿಮ್ಮ ಫೈಲು ನಿಮ್ಮ ಕಂಪ್ಯೂಟರ್ ಬಿಟ್ಟು ಎಲ್ಲಿಗೂ ಹೋಗುವುದಿಲ್ಲ. ಇನ್‌ಸ್ಟಾಲ್ ಮಾಡುವಾಗ ಹಣ ಕೊಡುವ ಆವೃತ್ತಿಯನ್ನೂ ನೋಡಿ ಅಂತ ಕೇಳಿದರೆ ಆ ಗುರುತು ತೆಗೆದು ಮುಂದಕ್ಕೆ ಹೋಗಿ.

ತೆರೆದ ಕೂಡಲೇ ಒಂದೊಂದು ಕೆಲಸಕ್ಕೆ ಒಂದೊಂದು ಚೌಕ ಕಾಣುತ್ತದೆ.

ಕೆಲವು ಪುಟ ಮಾತ್ರ ಬೇಕಿದ್ದರೆ ‘ಎಕ್ಸ್‌ಟ್ರ್ಯಾಕ್ಟ್’ ಚೌಕ ಒತ್ತಿ. ಫೈಲನ್ನು ಎಳೆದು ಹಾಕಿ. ಪುಟಗಳ ಜಾಗದಲ್ಲಿ ‘2, 5-7, 12-’ ಅನ್ನುವ ಥರ ಬರೆಯಿರಿ. ಕೊನೆಗೆ ಅಡ್ಡಗೆರೆ ಬಿಟ್ಟರೆ ‘12ರಿಂದ ಕೊನೆಯವರೆಗೆ’ ಅಂತ ಅರ್ಥ. ಯಾವ ಫೋಲ್ಡರಿಗೆ ಹೋಗಬೇಕು ಅಂತ ತೋರಿಸಿ, ‘ರನ್’ ಒತ್ತಿ. ಅಷ್ಟೇ.

ಇಡೀ ಫೈಲನ್ನು ತುಂಡು ಮಾಡಬೇಕಿದ್ದರೆ ‘ಸ್ಪ್ಲಿಟ್’. ಇಲ್ಲಿ ಹಲವು ಬಗೆಯಲ್ಲಿ ಕತ್ತರಿಸಬಹುದು. ಪ್ರತಿ ಪುಟವೂ ಒಂದು ಫೈಲು ಮಾಡಬಹುದು. ಇಷ್ಟು ಪುಟಕ್ಕೆ ಒಂದು ತುಂಡು ಅನ್ನಬಹುದು. ಎರಡೆರಡು ಪುಟದ ಐವತ್ತು ಅರ್ಜಿಗಳನ್ನು ಒಟ್ಟಿಗೆ ಸ್ಕ್ಯಾನ್ ಮಾಡಿದ್ದರೆ ಅಲ್ಲಿ 2 ಅಂತ ಬರೆದರೆ ಐವತ್ತು ಫೈಲು ಸಾಲಾಗಿ ಬರುತ್ತವೆ. ಇಂಥ ಪುಟ ಆದ ಮೇಲೆ ಕತ್ತರಿಸು ಅಂತಲೂ ಹೇಳಬಹುದು. ಪಠ್ಯಪುಸ್ತಕದ ಪಾಠಗಳು 14, 27, 41ನೇ ಪುಟಕ್ಕೆ ಮುಗಿಯುತ್ತವೆ ಅಂದುಕೊಳ್ಳಿ, ಆ ಮೂರು ಅಂಕಿ ಬರೆದರೆ ನಾಲ್ಕು ತುಂಡು. ಇಲ್ಲಿ ಬರೆಯಬೇಕಾದ್ದು ಪಾಠ ಶುರುವಾಗುವ ಪುಟ ಅಲ್ಲ, ಮುಗಿಯುವ ಪುಟ. ಬಹಳ ಜನ ಇಲ್ಲಿ ಒಂದು ಪುಟ ತಪ್ಪುತ್ತಾರೆ. ಆಗ ಪ್ರತಿ ಪಾಠದ ಮೊದಲ ಪುಟ ಹಿಂದಿನ ಪಾಠದ ಬಾಲಕ್ಕೆ ಅಂಟಿಕೊಳ್ಳುತ್ತದೆ.

‘ಸ್ಪ್ಲಿಟ್ ಬೈ ಬುಕ್‌ಮಾರ್ಕ್ಸ್’ ನನಗೆ ಬಹಳ ಇಷ್ಟ. ಪಿಡಿಎಫ್‌ನ ಎಡಗಡೆ ಅಧ್ಯಾಯಗಳ ಪಟ್ಟಿ ಕಾಣುತ್ತದಲ್ಲ, ಅದನ್ನೇ ನೋಡಿ ತಾನೇ ಕತ್ತರಿಸುತ್ತದೆ. ಹಂತ 1 ಅಂದರೆ ಅಧ್ಯಾಯದ ಲೆಕ್ಕ, ಹಂತ 2 ಅಂದರೆ ಒಳಗಿನ ಉಪಶೀರ್ಷಿಕೆಯ ಲೆಕ್ಕ. ಪುಟ ಎಣಿಸುವ ಕೆಲಸವೇ ಇಲ್ಲ. ಆದರೆ ಸುಮ್ನೆ ಸ್ಕ್ಯಾನ್ ಮಾಡಿಟ್ಟ ಹಳೆಯ ಪುಸ್ತಕಗಳಲ್ಲಿ ಈ ಪಟ್ಟಿ ಸಾಮಾನ್ಯವಾಗಿ ಇರುವುದಿಲ್ಲ.

‘ಸ್ಪ್ಲಿಟ್ ಬೈ ಸೈಜ್’ ಅನ್ನುವುದೂ ಇದೆ. ಜಿಮೇಲ್‌ನಲ್ಲಿ 25 ಎಂಬಿಗಿಂತ ದೊಡ್ಡದನ್ನು ನೇರವಾಗಿ ಲಗತ್ತಿಸಲು ಬರುವುದಿಲ್ಲ. ಮೇಲ್‌ನಲ್ಲಿ ಸೇರಿದ ಫೈಲು ಒಳಗೊಳಗೆ ಸ್ವಲ್ಪ ಬೆಳೆಯುತ್ತದೆ, ಆದ್ದರಿಂದ 18 ಎಂಬಿಗೆ ಒಂದು ತುಂಡು ಮಾಡಿದರೆ ತೊಂದರೆ ಇಲ್ಲ.

ಪುಟಗಳನ್ನು ಕಣ್ಣಲ್ಲಿ ನೋಡಿ ಆರಿಸಬೇಕು ಅನ್ನುವವರಿಗೆ ಪಿಡಿಎಫ್ ಅರೇಂಜರ್ ಹಿಡಿಸುತ್ತದೆ. ಅದೂ ಉಚಿತ. ಎಲ್ಲ ಪುಟ ಚಿಕ್ಕ ಚಿಕ್ಕ ಚಿತ್ರಗಳಾಗಿ ಹರಡಿಕೊಳ್ಳುತ್ತವೆ. ಬೇಕಾದ್ದನ್ನು ಕಂಟ್ರೋಲ್ ಒತ್ತಿ ಆರಿಸಿ, ಬಲ ಕ್ಲಿಕ್ ಮಾಡಿ ಎಕ್ಸ್‌ಪೋರ್ಟ್ ಮಾಡುವುದು. ಕ್ರಮ ಬದಲಿಸಬೇಕಿದ್ದರೆ ಎಳೆದು ಜಾಗ ಬದಲಿಸಿದರಾಯಿತು. ಮ್ಯಾಕ್‌ನಲ್ಲಿ ಇದಕ್ಕೆ ಬೇರೆ ಏನೂ ಬೇಡ: ಪ್ರಿವ್ಯೂನಲ್ಲಿ ಪಿಡಿಎಫ್ ತೆರೆದು, ‘ವ್ಯೂ’ ಮೆನುವಿನಲ್ಲಿ ‘ಥಂಬ್‌ನೇಲ್ಸ್’ ಹಾಕಿ, ಬೇಕಾದ ಪುಟಗಳನ್ನು ಆರಿಸಿ ಡೆಸ್ಕ್‌ಟಾಪ್‌ಗೆ ಎಳೆಯಿರಿ. ಹೊಸ ಪಿಡಿಎಫ್ ಅಲ್ಲೇ ಬಂದು ಕೂರುತ್ತದೆ.

ಕನ್ನಡ ಪಿಡಿಎಫ್ ಅನ್ನು ವರ್ಡ್‌ನಲ್ಲಿ ತೆರೆದು ಕತ್ತರಿಸಬೇಡಿ

ಇದನ್ನು ಒತ್ತಿ ಹೇಳಬೇಕು. ಬೇಡದ ಪುಟ ಅಳಿಸಿ ಮತ್ತೆ ಪಿಡಿಎಫ್ ಮಾಡೋಣ ಅಂತ ವರ್ಡ್‌ನಲ್ಲೋ ಲಿಬ್ರೆ ಆಫೀಸ್ ಡ್ರಾನಲ್ಲೋ ತೆರೆಯುತ್ತಾರೆ. ಇಂಗ್ಲಿಷ್ ಕಾಗದವಾದರೆ ಹೇಗೋ ನಡೆಯಬಹುದು. ಕನ್ನಡದಲ್ಲಿ ಒತ್ತಕ್ಷರ ಒಂದು ಕಡೆ, ಕೊಂಬು ಒಂದು ಕಡೆ, ದೀರ್ಘ ಇನ್ನೊಂದು ಕಡೆ. ‘ಕ್ರಯಪತ್ರ’ ಅನ್ನುವ ಪದದಲ್ಲೇ ಎರಡು ಒತ್ತು ಇವೆ, ಎರಡೂ ಜಾಗ ಬಿಟ್ಟು ಬಿದ್ದರೆ ಓದುವುದು ಹೇಗೆ?

ಕಾರಣ ಹೀಗಿದೆ. ಪಿಡಿಎಫ್ ಅಕ್ಷರವನ್ನು ಬರಹವಾಗಿ ನೆನಪಿಟ್ಟುಕೊಳ್ಳುವುದಕ್ಕಿಂತ, ಇಂಥ ಆಕಾರವನ್ನು ಇಂಥ ಜಾಗದಲ್ಲಿ ಬಿಡಿಸು ಅಂತ ನೆನಪಿಟ್ಟುಕೊಳ್ಳುತ್ತದೆ. ಆ ಆಕಾರಗಳು ಫಾಂಟ್ ರೂಪದಲ್ಲಿ ಫೈಲಿನ ಒಳಗೇ ಇರುತ್ತವೆ. ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಮಾಡಿದ ಎಷ್ಟೋ ಸರ್ಕಾರಿ ಸುತ್ತೋಲೆಗಳು ಹೀಗೇ. ನೋಡುವುದಕ್ಕೆ ಚೆನ್ನಾದ ಕನ್ನಡ, ಕಾಪಿ ಮಾಡಿ ಅಂಟಿಸಿದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲು. ವರ್ಡ್ ಆ ಆಕಾರಗಳನ್ನು ಮತ್ತೆ ಬರಹ ಮಾಡಲು ಹೋಗಿ ಎಲ್ಲ ಚೆಲ್ಲುತ್ತದೆ. ಪಿಡಿಎಫ್‌ಸ್ಯಾಮ್, ಪಿಡಿಎಫ್ ಅರೇಂಜರ್, ಪ್ರಿವ್ಯೂ ಇವು ಪುಟವನ್ನು ಬಿಚ್ಚುವುದಿಲ್ಲ. ಇದ್ದ ಹಾಗೇ ಎತ್ತಿ ಇಡುತ್ತವೆ. ಹಾಗಾಗಿ ಒತ್ತು ಜಾಗ ಬಿಟ್ಟು ಕದಲುವುದಿಲ್ಲ.

ಸೈಟಿನ ಕಾಗದ, ಆಧಾರ್, ಡಿಜಿಟಲ್ ಸಹಿ

ಪುಟ ತೆಗೆಯುವ ಕೆಲಸವನ್ನು ಐಲವ್‌ಪಿಡಿಎಫ್, ಸ್ಮಾಲ್‌ಪಿಡಿಎಫ್, ಸೆಜ್ಡಾ ಇಂಥ ಜಾಲತಾಣಗಳಲ್ಲಿ ಮಾಡುವುದೂ ಬಹಳ ಸುಲಭ. ರೈಸ್ ಅವರ ಸಂಪುಟದಂಥ, ಯಾರು ಬೇಕಾದರೂ ಓದಬಹುದಾದ ಪುಸ್ತಕಕ್ಕೆ ಧಾರಾಳವಾಗಿ ಬಳಸಿ. ಎರಡು ಪುಟವನ್ನು ಒಂದೇ ಚಿತ್ರವಾಗಿ ಸ್ಕ್ಯಾನ್ ಮಾಡಿದ್ದರೆ ಅದನ್ನು ನಡುವೆ ಸೀಳುವುದಕ್ಕೆ ಸೆಜ್ಡಾದಲ್ಲಿ ಒಳ್ಳೆಯ ಅನುಕೂಲ ಇದೆ. ಆದರೆ ಅಲ್ಲೆಲ್ಲ ಫೈಲು ನಿಮ್ಮ ಕೈ ಬಿಟ್ಟು ಇನ್ಯಾರದೋ ಸರ್ವರಿಗೆ ಹೋಗುತ್ತದೆ. ಕ್ರಯಪತ್ರ, ಆಧಾರ್, ಪಾನ್, ಬ್ಯಾಂಕ್ ಸ್ಟೇಟ್‌ಮೆಂಟ್, ಆಸ್ಪತ್ರೆ ವರದಿ ಇವನ್ನು ನಾನಂತೂ ಯಾವ ತಾಣಕ್ಕೂ ಹಾಕುವುದಿಲ್ಲ. ಕ್ರೋಮ್‌ನಲ್ಲೇ ಆಗುವ ಕೆಲಸಕ್ಕೆ ಯಾಕೆ ಹೊರಗೆ ಕಳಿಸಬೇಕು?

ಕ್ರಯಪತ್ರದ ವಿಷಯದಲ್ಲಿ ನಮ್ಮ ಮನೆಯಲ್ಲೇ ಆದ ಒಂದು ಸಂಗತಿ ಹೇಳುತ್ತೇನೆ. ನಮ್ಮ ಚಿಕ್ಕಪ್ಪನ ಸೈಟಿನ ಪತ್ರ ಸ್ಕ್ಯಾನ್ ಆಗಿತ್ತು. ಸಾಲಕ್ಕೆ ಮೊದಲ ಕೆಲವು ಪುಟ ಮತ್ತು ಷೆಡ್ಯೂಲು, ಅಂದರೆ ಸೈಟಿನ ವಿವರ ಇರುವ ಭಾಗ, ಕೇಳಿದ್ದರು. ಅಂಗಡಿಯೊಂದರಲ್ಲಿ ಪುಟದ ಕೆಳಗೆ ಬರೆದಿದ್ದ ಸಂಖ್ಯೆ ನೋಡಿ ಪುಟ ತೆಗೆಸಿದ್ದರು. ಪತ್ರದ ಹಾಳೆಗಳ ಹಿಂಬದಿಯಲ್ಲಿ ನೋಂದಣಿಯ ಮುದ್ರೆ, ಫೋಟೋ, ಹೆಬ್ಬೆಟ್ಟು ಇದ್ದವು. ಆ ಹಿಂಬದಿಗಳೂ ಸ್ಕ್ಯಾನ್ ಆಗಿದ್ದರಿಂದ ಫೈಲಿನ ಎಣಿಕೆ ಬೇರೆಯೇ ಆಗಿತ್ತು. ಚಕ್ಕುಬಂದಿ ಇರುವ ಪುಟ ಬರಲೇ ಇಲ್ಲ. ಯಾರೂ ತೆರೆದು ನೋಡಲಿಲ್ಲ. ಅರ್ಜಿ ಹಿಂದಕ್ಕೆ ಬಂತು, ಹದಿನೈದು ದಿನ ಹೋಯಿತು. ಚಿಕ್ಕಪ್ಪ ಆ ಹದಿನೈದು ದಿನ ಪಟ್ಟ ಆತಂಕ ನನಗೆ ಇನ್ನೂ ನೆನಪಿದೆ. ಪೂರ್ವಕ್ಕೆ, ಪಶ್ಚಿಮಕ್ಕೆ ಅಂತ ಗಡಿ ಬರೆದಿರುವ ಆ ಪುಟ ಬಂದಿದೆಯಾ ಅಂತ ಕಣ್ಣಾರೆ ನೋಡಿಯೇ ಕಳಿಸಿ.

ಡಿಜಿಟಲ್ ಸಹಿ ಇರುವ ಕಾಗದ ಇನ್ನೊಂದು ಬಗೆ. ಆನ್‌ಲೈನ್‌ನಲ್ಲಿ ಪಡೆದ ಋಣಭಾರ ಪ್ರಮಾಣಪತ್ರ, ಇ-ಆಧಾರ್ ಇಂಥವುಗಳಲ್ಲಿ ಸಹಿ ಇಡೀ ಫೈಲಿಗೆ ಸೇರಿರುತ್ತದೆ. ಒಂದು ಪುಟ ಬೇರೆ ಮಾಡಿದರೂ ಆ ಸಹಿ ಕೆಲಸಕ್ಕೆ ಬರುವುದಿಲ್ಲ. ಹೊಸ ಫೈಲಿನಲ್ಲಿ ಹಸಿರು ಗುರುತಿನ ಚಿತ್ರ ಕಾಣಬಹುದು, ಆದರೆ ಅದು ಬರೀ ಚಿತ್ರ. ಯಾರಾದರೂ ಪರೀಕ್ಷಿಸಿದರೆ ಸಹಿ ಇಲ್ಲ ಅಂತಲೇ ಬರುತ್ತದೆ. ಇಂಥ ಕಾಗದವನ್ನು ಇಡಿಯಾಗಿಯೇ ಕೊಡಿ.

ಪಾಸ್‌ವರ್ಡ್ ಇರುವ ಫೈಲಾದರೆ, ಮೊದಲು ಪಾಸ್‌ವರ್ಡ್ ಹಾಕಿ ತೆರೆಯಬೇಕು. ಇ-ಆಧಾರ್‌ಗೆ ಎಂಟು ಅಕ್ಷರದ ಪಾಸ್‌ವರ್ಡ್: ಹೆಸರಿನ ಮೊದಲ ನಾಲ್ಕು ಅಕ್ಷರ ಇಂಗ್ಲಿಷಿನ ದೊಡ್ಡಕ್ಷರದಲ್ಲಿ, ಆಮೇಲೆ ಹುಟ್ಟಿದ ವರ್ಷ. ತೆರೆದ ಮೇಲೆ ಕ್ರೋಮ್‌ನಲ್ಲಿ ‘ಸೇವ್ ಆ್ಯಸ್ ಪಿಡಿಎಫ್’ ಮಾಡಿದರೆ ಬರುವ ಹೊಸ ಫೈಲಿಗೆ ಪಾಸ್‌ವರ್ಡ್ ಇರುವುದಿಲ್ಲ. ಯಾರ ಕೈಗೆ ಸಿಕ್ಕಿದರೂ ತೆರೆಯುತ್ತದೆ. ಸೈಬರ್ ಸೆಂಟರಿನ ಕಂಪ್ಯೂಟರಿನಲ್ಲಿ ಮಾಡಿದ್ದರೆ ಎದ್ದು ಬರುವ ಮುಂಚೆ ಆ ಫೈಲು ಅಳಿಸಿ, ರಿಸೈಕಲ್ ಬಿನ್ನನ್ನೂ ಖಾಲಿ ಮಾಡಿ.

ನಾಲ್ಕೇ ಪುಟ, ಆದರೂ ಫೈಲು ಯಾಕಿಷ್ಟು ದೊಡ್ಡದು?

ಒಮ್ಮೊಮ್ಮೆ 60 ಎಂಬಿಯ ಫೈಲಿನಿಂದ ನಾಲ್ಕು ಪುಟ ತೆಗೆದರೂ ಹೊಸ ಫೈಲು 50 ಎಂಬಿ ಇರುತ್ತದೆ. ಪಿಡಿಎಫ್ ಅನ್ನು ಹೊಲಿದ ಪುಸ್ತಕ ಅಂತ ಅಂದುಕೊಳ್ಳಬೇಡಿ. ಅದು ಉಗ್ರಾಣದ ಹಾಗೆ. ಚಿತ್ರ, ಫಾಂಟ್ ಎಲ್ಲ ಒಂದು ಕಡೆ ರಾಶಿ ಇರುತ್ತದೆ. ಪ್ರತಿ ಪುಟ ‘ಉಗ್ರಾಣದಿಂದ ಇಂಥದ್ದು ತಂದು ಇಲ್ಲಿಡು’ ಅನ್ನುವ ಚೀಟಿ. ಕೆಲವು ಫೈಲುಗಳಲ್ಲಿ ಎಲ್ಲ ಪುಟದ ಚೀಟಿಯೂ ಇಡೀ ರಾಶಿಯನ್ನೇ ತೋರಿಸುತ್ತದೆ. ಆಗ ಒಂದು ಪುಟ ತೆಗೆದರೂ ರಾಶಿಯೆಲ್ಲ ಜೊತೆಗೆ ಬರುತ್ತದೆ.

ಹೀಗಾದಾಗ, ಹೊರಬಂದ ಫೈಲನ್ನು ಕ್ರೋಮ್‌ನಲ್ಲಿ ತೆರೆದು ಮತ್ತೊಮ್ಮೆ ‘ಸೇವ್ ಆ್ಯಸ್ ಪಿಡಿಎಫ್’ ಮಾಡಿ ನೋಡಿ. ಎಷ್ಟೋ ಸಲ ಬೇಡದ ಭಾರ ಇಳಿಯುತ್ತದೆ. ಸ್ಕ್ಯಾನ್ ಮಾಡಿದ ಫೈಲಾದರೆ ಪ್ರತಿ ಪುಟವೂ ಒಂದೊಂದು ಚಿತ್ರ, ಅಲ್ಲಿ ಈ ತೊಂದರೆ ಕಡಿಮೆ. ಆದರೂ ಪುಟವೇ ಭಾರ ಇದ್ದರೆ ಕಂಪ್ರೆಸ್ ಮಾಡಬೇಕು, ಅದು ಬೇರೆ ಕೆಲಸ.

ಇದರಲ್ಲಿ ಒಂದು ಎಚ್ಚರಿಕೆಯೂ ಇದೆ. ಬೇಡದ ಪುಟವನ್ನು ಡಿಲೀಟ್ ಮಾಡಿ ಅದೇ ಫೈಲಿಗೆ ಸೇವ್ ಮಾಡಿದಾಗ ಕೆಲವು ಆಪ್ ಚೀಟಿಯನ್ನು ಮಾತ್ರ ತೆಗೆಯುತ್ತವೆ, ಸಾಮಾನು ಉಗ್ರಾಣದಲ್ಲೇ ಇರುತ್ತದೆ. ತಿಳಿದವರು ಅದನ್ನು ಹೊರಗೆ ತೆಗೆಯಬಲ್ಲರು. ಅಕ್ಷರದ ಮೇಲೆ ಕಪ್ಪು ಪಟ್ಟಿ ಎಳೆಯುವುದೂ ಅಷ್ಟೇ, ಪಟ್ಟಿಯ ಕೆಳಗೆ ಅಕ್ಷರ ಹಾಗೇ ಇರುತ್ತದೆ. ಗುಟ್ಟಾಗಿ ಇರಬೇಕಾದ ಪುಟ ಇದ್ದರೆ ಅಳಿಸುವ ದಾರಿ ಹಿಡಿಯಬೇಡಿ. ಬೇಕಾದ ಪುಟಗಳನ್ನು ಹೊಸ ಫೈಲಿಗೆ ತೆಗೆಯಿರಿ, ಆಮೇಲೆ ಅದರ ಗಾತ್ರ ನೋಡಿ. ನಾಲ್ಕು ಪುಟಕ್ಕೆ ತಕ್ಕಷ್ಟೇ ಇದೆಯಾ?

ಕಳಿಸುವ ಮುಂಚೆ

ಹೊಸ ಫೈಲನ್ನು ತೆರೆಯಿರಿ. ಪುಟ ಎಣಿಸಿ. ಮೊದಲ ಪುಟದ ಮೊದಲ ಸಾಲು ಓದಿ, ಕೊನೆಯ ಪುಟದ ಕೊನೆಯ ಸಾಲು ಓದಿ. ಆ ಕೊನೆಯ ಸಾಲು ಅಲ್ಲಿಗೇ ಮುಗಿಯಿತಾ, ಇಲ್ಲಾ ಮುಂದಿನ ಪುಟಕ್ಕೆ ಹೋಗುತ್ತದಾ ಅಂತ ಮೂಲ ಫೈಲಿನಲ್ಲಿ ನೋಡಿ. ಅಡ್ಡವಾಗಿ ತಿರುಗಿದ ಪುಟ ಇದ್ದರೆ ನೆಟ್ಟಗೆ ಮಾಡಿ.

ಫೈಲಿಗೆ ಇಡುವ ಹೆಸರಿನಲ್ಲಿ ಎಲ್ಲಿಂದ ತೆಗೆದದ್ದು ಅನ್ನುವುದು ಇರಲಿ: ಪುಸ್ತಕ, ಸಂಪುಟ, ಅಚ್ಚಿನ ಪುಟ. ಆರು ತಿಂಗಳ ಮೇಲೆ ‘ಡಾಕ್ಯುಮೆಂಟ್ 3’ ಅಂತ ನೋಡಿದರೆ ಏನೂ ನೆನಪಾಗುವುದಿಲ್ಲ. ಅರ್ಜಿಗೆ ಅಪ್‌ಲೋಡ್ ಮಾಡುವ ಫೈಲಾದರೆ ಹೆಸರನ್ನು ಇಂಗ್ಲಿಷ್ ಅಕ್ಷರ, ಅಂಕಿಗಳಲ್ಲಿ ಇಡಿ, ನಡುವೆ ಜಾಗ ಬಿಡಬೇಡಿ. ಕನ್ನಡ ಹೆಸರಿನ ಫೈಲನ್ನು ಕೆಲವು ಪೋರ್ಟಲ್‌ಗಳು ತೆಗೆದುಕೊಳ್ಳುವುದಿಲ್ಲ.

ಮೇಷ್ಟ್ರು ಕಳಿಸುವ ಮುಂಚೆ ಹೀಗೇ ನೋಡಿದರು. ಕನ್ನಡ ಪಾಠದ ಪುಟದ ಕೊನೆಯ ಸಾಲು ಪೂರ್ತಿ ಆಗಿರಲಿಲ್ಲ. ಮೂಲ ಫೈಲಿನಲ್ಲಿ ಮುಂದಿನ ಪುಟ ತಿರುಗಿಸಿದರೆ ಮೇಲ್ಗಡೆ ಇನ್ನು ಎರಡು ಸಾಲು ಇದ್ದವು. ಊರಿನ ದನಗಳನ್ನು ಬಿಡಿಸಿಕೊಂಡು ಬರುವಾಗ ಸತ್ತ ಆ ವೀರನ ಹೆಸರು ಆ ಎರಡು ಸಾಲಿನಲ್ಲಿತ್ತು. ಮೇಷ್ಟ್ರು ಆ ಪುಟವನ್ನೂ ಸೇರಿಸಿ ಮತ್ತೆ ತೆಗೆದರು, ನಾಲ್ಕು ಪುಟ ಆಯಿತು.